ನನ್ನ ಕಾಲು ಉಳಿಸಿದವರಿಗೆ

ಅಂಗಾಲಿನ ಗಾಯ ಮಾಯ್ದು ಈ ಯುಗಾದಿಗೆ ವರ್ಷ ತುಂಬಿತು. ಮತ್ತೆ ಬಂದಿಲ್ಲ. ಶುಗರ್‌ನಿಂದಾದ ಇಂಥ ಗಾಯ ಮಾಯ್ದ ನೂರು ಜನರಲ್ಲಿ ಸುಮಾರು 40 ಮಂದಿಗೆ ವರ್ಷದೊಳಗೇ ಮರುಕಳಿಸುತ್ತದೆ. ನನಗೆ ಬರಲಿಲ್ಲ ಅಂದರೆ ಅದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯಲೇಬೇಕು.

ಮೊದಲು, ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್. ಕೊನೆಯ ಪಟ್ಟಿ ಬಿಚ್ಚಿದ ದಿನ ನನ್ನ ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತಾ "ಗೊತ್ತಾಯ್ತಾ ಸರ್?" ಅಂತ ಕೇಳುತ್ತಾ ಹೋದರು. ಎಲ್ಲೂ ಗೊತ್ತಾಗಲಿಲ್ಲ. "ಗಾಯ ಹೋಯ್ತು, ಜೋಮು ಹೋಗಿಲ್ಲ. ಚುಚ್ಚಿದರೂ ಸುಟ್ಟರೂ ನಿಮಗೆ ತಿಳಿಯಲ್ಲ, ದಿನಾ ಕಣ್ಣಲ್ಲೇ ನೋಡ್ಕೋಬೇಕು" ಅಂದರು. ನನ್ನ ಹೆಂಡತಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದನ್ನೂ ಮಾಡಿ ತೋರಿಸಿದರು. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ.

ಅವತ್ತಿನಿಂದ ರಾತ್ರಿ ಊಟ ಆದ ಮೇಲೆ ಹೆಂಡತಿ ಟಾರ್ಚ್ ಹಿಡಿದು ಕೂರುತ್ತಾಳೆ. ಬೆರಳ ಸಂದಿ, ಹಿಮ್ಮಡಿ, ಉಗುರಿನ ಅಂಚು. ಒಣಗಿದ ಕಡೆ ಕೊಬ್ಬರಿ ಎಣ್ಣೆ, ಸಂದಿಗೆ ಮಾತ್ರ ಬೇಡ, ಅಲ್ಲಿ ಪಸೆ ನಿಲ್ಲಬಾರದು. ದೀಪಾವಳಿ ಹೊತ್ತಿಗೆ ಹೆಬ್ಬೆರಳ ಬುಡದಲ್ಲಿ ಅವರೆಕಾಳಷ್ಟು ಕೆಂಪು ಕಂಡಿತು. ಹಳೇ ಗಾಯದ ಜಾಗವೇ. ಕೈಯ ಹಿಂಬದಿ ಇಟ್ಟು ನೋಡಿದಳು, ಇನ್ನೊಂದು ಕಾಲಿಗಿಂತ ಬಿಸಿ. ನನಗೋ ಒಂಚೂರೂ ನೋವಿಲ್ಲ. ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಡಿಸಿದಳು. ಡಾಕ್ಟರು ದಪ್ಪಗಟ್ಟಿದ್ದ ಆಣಿಯನ್ನು ಹೆರೆದು ತೆಗೆದರು, ಕೆಲವು ದಿನ ಆ ಕಾಲಿಗೆ ಭಾರ ಬೀಳಬಾರದು ಅಂದರು. ಚರ್ಮ ಒಡೆಯಲಿಲ್ಲ. ಅವಳು ಒಂದು ರಾತ್ರಿ ಸುಮ್ನೆ ಮಲಗಿದ್ದರೂ ಕಥೆ ಬೇರೆಯೇ ಆಗುತ್ತಿತ್ತು.

ಕಾಲಿನ ಅಚ್ಚು ತೆಗೆದು ಎಂಸಿಆರ್ ಚಪ್ಪಲಿ ಮಾಡಿಕೊಟ್ಟ ಅಣ್ಣನಿಗೂ ನಾನು ಋಣಿ. ಈ ಮೆತ್ತನೆ ರಬ್ಬರಿನ ಚಪ್ಪಲಿ, ಕುಷ್ಠರೋಗದಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗಾಗಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಜೊತೆಗಾರರು ಬಳಕೆಗೆ ತಂದದ್ದು. ಜೋಮು ಹಿಡಿದ ಕಾಲಿನ ಕಷ್ಟ ಎರಡೂ ಕಡೆ ಒಂದೇ ಅಲ್ವಾ. ಅವರಿಗೂ ನಮಸ್ಕಾರ.

ನಾನು ಮೆಟ್ಟುವ ಮುಂಚೆ ಚಪ್ಪಲಿ ಕೊಡವುವುದು ಮೊಮ್ಮಗನ ಪಾಲಿನ ಕೆಲಸ. ಒಮ್ಮೆ ಒಳಗಿನಿಂದ ಹುಣಸೆ ಬೀಜ ಬಿತ್ತು. ನನ್ನ ಕಾಲಿಗೆ ಅದು ದಿನವಿಡೀ ಗೊತ್ತಾಗುತ್ತಿರಲಿಲ್ಲ.

ಇನ್ನು ಅಕ್ಕ, ಭಾವ. ನಿಮ್ಮ ಮಗಳ ಮದುವೆಯಲ್ಲಿ ಎಲ್ಲರೂ ಬರಿಗಾಲಲ್ಲಿದ್ದಾಗ, ಒಳಗೆ ಹಾಕಿಕೊಳ್ಳುವ ಬೇರೆ ಜೋಡಿಯನ್ನು ನೀವೇ ತಂದು ನನ್ನ ಕಾಲ ಬಳಿ ಇಟ್ಟಿರಿ. ನಾನು ಕೇಳಬೇಕಾಗಿ ಬರಲಿಲ್ಲ. ಅವತ್ತು ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ: ನಿಮ್ಮಿಬ್ಬರಿಗೂ ತುಂಬು ಮನಸ್ಸಿನ ಧನ್ಯವಾದ.