ಯಾಂಗ್‌ಚಿನ್ ನಾದ ನಮ್ಮೂರಲ್ಲೂ ಕೇಳಲಿ

ಮಾನ್ಯ ಸಂಪಾದಕರೇ,

ಸಂತೂರ್ ಎಂದೊಡನೆ ಪಂಡಿತ್ ಶಿವಕುಮಾರ್ ಶರ್ಮಾ ಅವರನ್ನು ನೆನೆಯುವ ರಸಿಕರು ಶಿವಮೊಗ್ಗ ಜಿಲ್ಲೆಯಲ್ಲೂ ಸಾಕಷ್ಟಿದ್ದಾರೆ. ಆದರೆ ಕಡ್ಡಿಗಳಿಂದ ತಂತಿಗಳನ್ನು ಬಡಿದು ನುಡಿಸುವ ಅದೇ ಕುಲಕ್ಕೆ ಸೇರಿದ ಚೀನಾದ ಯಾಂಗ್‌ಚಿನ್ ವಾದ್ಯದ ಪರಿಚಯ ನಮ್ಮ ಸಂಗೀತ ವಿದ್ಯಾರ್ಥಿಗಳಿಗೆ ಅಷ್ಟಾಗಿ ಇಲ್ಲ.

ಮಿಂಗ್ ಅರಸರ ಕೊನೆಗಾಲದಲ್ಲಿ ಪರ್ಷಿಯಾ ಮೂಲದ ಇಂಥದೊಂದು ವಾದ್ಯ ಸಮುದ್ರಮಾರ್ಗವಾಗಿ ಚೀನಾದ ಗುವಾಂಗ್‌ಡಾಂಗ್ ಕರಾವಳಿಗೆ ಬಂದಿಳಿಯಿತು ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಮುಂದೆ ಅದು ಅಲ್ಲಿನ ವಾದ್ಯಮೇಳಗಳಲ್ಲಿ ನೆಲೆಯೂರಿದ್ದಲ್ಲದೆ, ಸಿಚುವಾನ್ ಪ್ರಾಂತ್ಯದಲ್ಲಿ ಕಥೆ ಹೇಳುವ ಹಾಡಿಕೆಗೂ ಜೊತೆಯಾಯಿತು. ಹೊಸಹಳ್ಳಿಯ ಗಮಕ ವಾಚನ ಕೇಳಿ ಬೆಳೆದ ನಮಗೆ ಆ ಹಾಡಿಕೆ ಖಂಡಿತ ಹಿಡಿಸುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮ ಸಂತೂರನ್ನು ತೊಡೆಯ ಮೇಲಿಟ್ಟುಕೊಂಡು ಮರದ ಕಡ್ಡಿಗಳಿಂದ ನುಡಿಸಿದರೆ, ಯಾಂಗ್‌ಚಿನ್ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ. ಅದರ ಕಡ್ಡಿಗಳು ಬಿದಿರಿನವು. ಅದರ ಸೊಗಸೆಲ್ಲ ಇರುವುದು ಈ ಬಿದಿರಿನಲ್ಲೇ. ತೆಳ್ಳಗೆ ಸೀಳಿ ನಯಗೊಳಿಸಿದ ಕಡ್ಡಿ ಬಳುಕುವುದರಿಂದ, ಒಮ್ಮೆ ತಾಗಿಸಿದರೂ ತಂತಿಯ ಮೇಲೆ ತಾನಾಗಿ ಪುಟಿಪುಟಿದು ನಡುಗುವ ಸ್ವರ ಹೊರಡಿಸಬಲ್ಲದು. ತುದಿಯ ಒಂದು ಮಗ್ಗುಲಿಗೆ ರಬ್ಬರ್ ಹೊದಿಸಿರುತ್ತಾರೆ. ಆ ಕಡೆಯಿಂದ ಬಡಿದರೆ ನಾದ ಮೃದು, ಕಡ್ಡಿ ಮಗುಚಿ ಬರಿಯ ಬಿದಿರಿನಿಂದ ಬಡಿದರೆ ಚುರುಕು. ಬಿದಿರಿನ ಹದವನ್ನು ಬೆರಳಲ್ಲೇ ಅಳೆಯುವ ಮೇದಾರರಿರುವ ಮಲೆನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಡ್ಡಿಗಳನ್ನು ನಮ್ಮ ಕುಶಲಕರ್ಮಿಗಳೂ ಮಾಡಬಲ್ಲರು.

ಸಾಮಾನ್ಯವಾಗಿ ಬಳಕೆಯಲ್ಲಿರುವ ಆಧುನಿಕ ಮಾದರಿಯಲ್ಲಿ 144 ತಂತಿಗಳಿದ್ದು, ಒಂದೊಂದು ಸ್ವರಕ್ಕೆ ಹಲವು ತಂತಿಗಳನ್ನು ಒಂದೇ ಶ್ರುತಿಗೆ ಸೇರಿಸಬೇಕು. ಎಡಭಾಗದ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಎರಡೂ ಬದಿಯಲ್ಲಿ ಬಡಿಯಬಹುದಾದ್ದರಿಂದ ಒಂದೇ ತಂತಿಯಲ್ಲಿ ಷಡ್ಜ-ಪಂಚಮದಷ್ಟು ಅಂತರದ ಎರಡು ಸ್ವರಗಳು ಸಿಗುತ್ತವೆ. ಸ್ವರಸಂವಾದವನ್ನು ಕಣ್ಣಿಗೆ ಕಾಣುವಂತೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಾಗಲಿ, ಶಿವಮೊಗ್ಗ ನಗರದ ಸಂಗೀತ ಸಭೆಗಳಾಗಲಿ ಸಂತೂರ್ ಮತ್ತು ಯಾಂಗ್‌ಚಿನ್ ಎರಡನ್ನೂ ಅಕ್ಕಪಕ್ಕ ಇರಿಸಿ, ಕುವೆಂಪು ರಂಗಮಂದಿರದಲ್ಲಿ ಸೋದಾಹರಣ ಕಾರ್ಯಕ್ರಮವೊಂದನ್ನು ಏರ್ಪಡಿಸಬೇಕೆಂದು ಕೋರುತ್ತೇನೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಮರ ಉಬ್ಬಿ ಅಷ್ಟೊಂದು ತಂತಿಗಳ ಶ್ರುತಿ ಕೆಡುವ ಸಂಭವವಿರುವುದರಿಂದ ಡಿಸೆಂಬರ್ ಅಥವಾ ಜನವರಿ ತಿಂಗಳು ಸೂಕ್ತ. ಶಾಲಾ ಮಕ್ಕಳಿಗೆ ಪ್ರವೇಶ ಉಚಿತವಾಗಿರಲಿ. ಕಡ್ಡಿ ಹಿಡಿದು ಒಂದೆರಡು ಸ್ವರ ನುಡಿಸಿ ನೋಡುವ ಅವಕಾಶವೂ ಅವರಿಗೆ ಸಿಗಲಿ.

– ಸಂಗೀತಾಸಕ್ತೆ, ತೀರ್ಥಹಳ್ಳಿ