ಆ ಇಲಿಯ ಫೋಟೋ ಬಗ್ಗೆ

ಪ್ರೀತಿಯ ಅನು,

ನಿನ್ನ ಕಾಗದ ಬಂತು. ನಿಮ್ಮ ಸಂಘ ತರುವ ಸಾವಯವ ಪುಸ್ತಿಕೆಗೆ ಆ ಇಲಿಯ ಫೋಟೋ ಹಾಕುವುದು ನಿನಗೆ ಸರಿ ಕಾಣುತ್ತಿಲ್ಲ ಅಂತ ಗೊತ್ತಾಯಿತು. ಉಳಿದದ್ದೆಲ್ಲ ಸರಿ. ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ನಾನು ಬಾಯಿ ಬಿಟ್ಟರೆ ಇವಳೂ ಕಂಪನಿ ಕಡೆಯವಳು ಅಂತಾರೆ ಮಾವ" ಅಂತ ಬರೆದಿದ್ದೀಯಲ್ಲ, ಅದು.

ಆ ಫೋಟೋ ನಾನೂ ನೋಡಿದ್ದೇನೆ. ಮೈಮೇಲೆ ನಿಂಬೆಗಾತ್ರದ ಗಡ್ಡೆ ಎದ್ದ ಇಲಿ. ಕುಲಾಂತರಿ, ಅಂದರೆ ವಂಶವಾಹಿ ಬದಲಿಸಿದ, ಮೆಕ್ಕೆಜೋಳ ತಿನ್ನಿಸಿ ಆದದ್ದು ಅಂತ 2012ರಲ್ಲಿ ಫ್ರಾನ್ಸಿನ ವಿಜ್ಞಾನಿ ಸೆರಾಲಿನಿಯ ತಂಡ ಹೇಳಿತ್ತು. ಒಂದೊಂದು ಗುಂಪಿನಲ್ಲಿ 10 ಇಲಿ. ಅದೂ ವಯಸ್ಸಾದರೆ ಸುಮ್ನೆ ಗಡ್ಡೆ ಏಳುವ ತಳಿ. ಮರುವರ್ಷ ಅದನ್ನು ಅಚ್ಚು ಹಾಕಿದ್ದ ವಿಜ್ಞಾನ ಪತ್ರಿಕೆಯೇ ಆ ಲೇಖನ ವಾಪಸ್ ತೆಗೆದುಕೊಂಡಿತು. ಮೋಸ ಅಂತ ಹೇಳಲಿಲ್ಲ, ಇಷ್ಟರಿಂದ ಏನೂ ಹೇಳಲಿಕ್ಕಾಗದು ಅಂದಿತು. ಅಷ್ಟರಲ್ಲಿ ಅದರ ಸಂಪಾದಕರ ಬಳಗಕ್ಕೆ ಹಿಂದೆ ಕುಲಾಂತರಿ ಬೀಜದ ಕಂಪನಿ ಮಾನ್ಸಾಂಟೋದಲ್ಲಿದ್ದವರೊಬ್ಬರು ಬಂದಿದ್ದರು. 2014ರಲ್ಲಿ ಬೇರೆ ಪತ್ರಿಕೆ ಅದನ್ನೇ ಮತ್ತೆ ಅಚ್ಚು ಹಾಕಿತು. ನಿಮ್ಮ ಸಂಘದವರು ಇದನ್ನೇ ಹಿಡಿದುಕೊಂಡಿರಬೇಕು. ಹಿಡಿದುಕೊಳ್ಳಲಿ. ಅದರಿಂದ ಇಲಿಗಳ ಸಂಖ್ಯೆ ಜಾಸ್ತಿಯಾಗುತ್ತದಾ?

ಕಂಪನಿ ಕಡೆಯವಳು. ಎಷ್ಟು ಸುಲಭಕ್ಕೆ ಹಚ್ಚುತ್ತಾರೆ ಮಾರಾಯ್ತಿ!

ಗಡಿಯಾಚೆ ಕೇರಳದ ಕಾಸರಗೋಡಿನ ಪಡ್ರೆಯ ಗೇರುಗುಡ್ಡೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದ ಕಾಲ ನಿನಗೆ ಗೊತ್ತಿರಲಿಕ್ಕಿಲ್ಲ. ಬಾವಿ ಮುಚ್ಚಿಡಿ ಅನ್ನುತ್ತಿದ್ದರು. ಬಾವಿಗಾದರೆ ನಾಲ್ಕು ತೆಂಗಿನ ಮಡಲು ಹಾಸಬಹುದು. ಗುಡ್ಡ ಕೊರೆದು ಮಾಡಿದ ಸುರಂಗದಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳಕ್ಕೆ ಬರುವ ನೀರಿಗೆ ಏನು ಹಾಸುವುದು? ಕಾಯಿಲೆ ಬಿದ್ದ ಮಕ್ಕಳ ಸ್ಥಿತಿ ನೋಡಿದವರಿಗೆ ಹೊಟ್ಟೆ ಉರಿಯುತ್ತಿತ್ತು. ಪ್ರಶ್ನೆ ಕೇಳಿದವರ ಮೇಲೆ ಸಿಟ್ಟು ಬರುತ್ತಿದ್ದದ್ದೂ ಅದಕ್ಕೇ.

ನನ್ನ ಕ್ಲಾಸ್‌ಮೇಟ್ ಒಬ್ಬ ಕೃಷಿ ಸಂಶೋಧನೆಯಲ್ಲಿದ್ದ. ಒಂದು ಸಭೆಯಲ್ಲಿ ಎದ್ದು, "ಮದ್ದು ಬೀಳದ ಊರಿನಲ್ಲಿ ಈ ಕಾಯಿಲೆ ಎಷ್ಟಿದೆ, ಎಣಿಸಿದ್ದೀರಾ?" ಅಂತ ಕೇಳಿದನಂತೆ. ಕೂಡಲೇ ಕಂಪನಿ ಏಜೆಂಟ್ ಆದ. ಆಮೇಲೆ ಅವನು ಈ ಕಡೆಗೆ ಬರುವುದನ್ನೇ ಬಿಟ್ಟ. ಆ ದಿನ ನಾನು ಅಲ್ಲಿರಲಿಲ್ಲ. ಇದ್ದಿದ್ದರೆ ಅವನ ಪರ ಮಾತಾಡುತ್ತಿದ್ದೆನೋ ಇಲ್ಲವೋ, ಈಗಲೂ ಯೋಚನೆ ಬರುತ್ತದೆ. ಅವನು ತೀರಿಕೊಂಡದ್ದೂ ನನಗೆ ತಡವಾಗಿ ತಿಳಿಯಿತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮಾಡಿದ್ದೇನು ಗೊತ್ತಾ? ಪಡ್ರೆಯ ಶಾಲೆ ಮಕ್ಕಳನ್ನು ಮದ್ದು ಬೀಳದ ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. ಅವನು ಕೇಳಿದ್ದೂ ಅದನ್ನೇ ಅಲ್ವಾ? ಹೋರಾಟಕ್ಕೆ ಬಲ ಬಂದದ್ದು ಆ ಹೋಲಿಕೆಯಿಂದ. ಕೀಟನಾಶಕದವರು ಆ ವರದಿಯನ್ನೂ ಬೈದರು, ಹೋರಾಟದವರಿಗೆ ವಿದೇಶಿ ದುಡ್ಡು ಅಂದರು. ಕೊನೆಗೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ತಡೆ ಹಾಕಿತು.

ನಿನಗೆ ಏನು ಹೇಳಲಿ? ಬೆಂಗಳೂರಿನ ಆಫೀಸಿನ ಸಂಗತಿ ನನಗೇನು ಗೊತ್ತು. ಮೀಟಿಂಗಿನಲ್ಲಿ ಎಲ್ಲರೆದುರು ಕೇಳಬೇಡ, ಮೊದಲು ಪುಸ್ತಿಕೆ ನೋಡಿಕೊಳ್ಳುವವರನ್ನು ಚಹಾಕ್ಕೆ ಕರೆದುಕೊಂಡು ಹೋಗು ಅಂತ ಅನ್ನಿಸುತ್ತದೆ. ಫೋಟೋ ತೆಗೆದರೆ ಆ ಜಾಗಕ್ಕೆ ಏನು ಅಂತ ಕೇಳುತ್ತಾರೆ. 2012ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ್ದಾರೆ. ಸಾವಯವದಲ್ಲಿ ಪೋಷಕಾಂಶ ಜಾಸ್ತಿ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ, ಆದರೆ ಕೀಟನಾಶಕದ ಉಳಿಕೆ ಕಡಿಮೆ ಇತ್ತು. ಅಷ್ಟು ಹಾಕಿದರೆ ಸಾಲದಾ? ವಿಷವೇ ಇಲ್ಲ ಅಂತ ಬರೆಯಲು ಹೋಗಬೇಡಿ. ನಾವು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಇದೆ, ಅದು ಸಾವಯವದಲ್ಲೂ ನಡೆಯುತ್ತದೆ.

ಕಂಪನಿ ಕಡೆಯವಳು ಅಂದೇ ಬಿಟ್ಟರೆ? ಅನ್ನಬಹುದು. ಅನ್ನುವುದಿಲ್ಲ ಅಂತ ನಾನು ಹೇಗೆ ಹೇಳಲಿ. ನಿನ್ನ ಜೊತೆ ಇನ್ನೊಬ್ಬರು ಯಾರಾದರೂ ಒಪ್ಪುವವರು ಇದ್ದಾರಾ, ಅದನ್ನು ಮೊದಲು ನೋಡು. ನನ್ನ ಆ ಕ್ಲಾಸ್‌ಮೇಟಿಗೆ ಅದೂ ಇರಲಿಲ್ಲ.

ಪುಸ್ತಿಕೆ ಅಚ್ಚಿಗೆ ಹೋಗುವುದು ಯಾವಾಗ? ಅದಕ್ಕೆ ಮೊದಲು ಕರಡು ಕಳಿಸು. ಕನ್ನಡವಾದರೂ ತಿದ್ದಿ ಕೊಡುತ್ತೇನೆ.

ನಿನ್ನ ಮಾವ