ಅಮ್ಮನಿಗೆ, ಗಣೇಶನ ರಾತ್ರಿ ಶಾಲೆಯ ವಿಷಯ

ಡೊಂಬಿವಲಿ, ಆಗಸ್ಟ್ 20

ಅಮ್ಮನಿಗೆ ಗಿರಿಜೆಯ ನಮಸ್ಕಾರ. ನಾವೆಲ್ಲ ಕ್ಷೇಮ. ಅಪ್ಪಯ್ಯನ ಮಂಡಿನೋವು ಕಡಿಮೆಯಾಯಿತೆಂದು ತಿಳಿದು ಸಮಾಧಾನವಾಯಿತು.

ನಿನ್ನ ಕಾಗದ ಮೊನ್ನೆ ಬಂತು. "ಮಾಣಿಯನ್ನು ಹಗಲೆಲ್ಲ ಹೋಟೆಲಿನಲ್ಲಿ ದುಡಿಸಿ, ರಾತ್ರಿ ಹತ್ತರವರೆಗೆ ಬೀದಿ ಅಲೆಯಲು ಬಿಟ್ಟಿದ್ದೀಯಂತೆ" ಅಂತ ಬರೆದಿದ್ದಿಯಲ್ಲ, ಅದನ್ನು ಓದಿ ನನಗೆ ಊಟ ಸೇರಲಿಲ್ಲ. ತಮ್ಮ ಗಣೇಶ ಬೀದಿ ಅಲೆಯುತ್ತಿಲ್ಲ ಅಮ್ಮ, ಹತ್ತನೇ ಕ್ಲಾಸಿಗೆ ಹೋಗುತ್ತಿದ್ದಾನೆ. ಕನ್ನಡ ರಾತ್ರಿ ಶಾಲೆಗೆ. ಪರೀಕ್ಷೆ ಹತ್ತಿರ ಬಂದ ಮೇಲೆ ಹೇಳೋಣ ಅಂತ ಸುಮ್ಮನಿದ್ದೆ, ಅದೇ ತಪ್ಪಾಯಿತು.

ಕಳೆದ ಗುರುವಾರ ನಾನೇ ಮುಂಬಯಿಯ ಕೋಟೆ (ಫೋರ್ಟ್) ಕಡೆಗೆ ಹೋಗಿ ಕಣ್ಣಾರೆ ನೋಡಿ ಬಂದೆ. ಹಗಲಲ್ಲಿ ಅದು ಸಣ್ಣ ಮಕ್ಕಳ ಶಾಲೆ, ಸಂಜೆ ಆರೂವರೆಯಿಂದ ರಾತ್ರಿ ಶಾಲೆಯವರದ್ದು. ಬೆಂಚುಗಳೆಲ್ಲ ಎರಡನೇ ಕ್ಲಾಸಿನವರ ಅಳತೆಯವು. ನಮ್ಮ ಮಾಣಿ ಉದ್ದದ ಕಾಲುಗಳನ್ನು ಹೊರಗೆ ಚಾಚಿ, ಓರೆಯಾಗಿ ಕೂತು ತ್ರಿಕೋನ ಎಳೆಯುತ್ತಿದ್ದ. ಕೈವಾರ ಹಿಡಿದ ಬೆರಳಿನಲ್ಲಿ ಕಾವಲಿ ತಾಗಿದ ಗುರುತಿತ್ತು. ಸಣ್ಣದು, ಒಣಗಿಯೂ ಆಗಿದೆ, ಅದನ್ನೇ ಹಿಡಿದು ಕೂರಬೇಡ. ಪಕ್ಕದಲ್ಲಿ ಅಕ್ಕಲಕೋಟೆಯ ಒಬ್ಬ, ಜತ್ತದ ಒಬ್ಬ. ಹಿಂದಿನ ಬೆಂಚಿನಲ್ಲಿ ಇಬ್ಬರು ಮಕ್ಕಳ ತಂದೆ, ಮಾಸ್ತರರಿಗಿಂತ ದೊಡ್ಡವರು. ಅವರೂ ಎದ್ದು ನಿಂತು "ಹಾಜರ್ ಸಾರ್" ಅನ್ನುತ್ತಾರೆ.

ಇದು ಎಂಥ ಶಾಲೆ ಅಂತ ನೀನು ಕೇಳಿದ್ದಕ್ಕೆ ಸ್ವಲ್ಪ ಬರೆಯುತ್ತೇನೆ. ನಿನ್ನೆ ಮೊನ್ನೆ ಹುಟ್ಟಿದ ಏರ್ಪಾಡಲ್ಲ. ಪುಣೆಯಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿ ಕೂಲಿಯವರಿಗೂ ರೈತರಿಗೂ 1855ರಲ್ಲೇ ರಾತ್ರಿ ಶಾಲೆ ತೆರೆದಿದ್ದರು. ಮುಂಬಯಿಯಲ್ಲಿ ನಮ್ಮ ಕರಾವಳಿಯವರೇ ಅದನ್ನು ಬೆಳೆಸಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರೂ ರಾತ್ರಿ ಶಾಲೆ ನಡೆಸಿದವರು, ಬಿಲ್ಲವರ ಸಂಘದವರೂ ನಡೆಸಿದವರು. ಹಡಗು ಹತ್ತಿ ಬಂದು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಇಂಥ ಬೆಂಚಿನಲ್ಲಿ ಕೂತೇ ಮೆಟ್ರಿಕ್ ಮಾಡಿ ಬ್ಯಾಂಕಿಗೆ, ಕೋರ್ಟಿಗೆ ಹೋದರು. ಈಗ ಕನ್ನಡದ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಇವನ ತರಗತಿಯಲ್ಲಿ ಹದಿಮೂರೇ ಜನ. ಅದನ್ನು ಕಂಡು ನನ್ನ ಹೊಟ್ಟೆ ಚುರ್ ಅಂದಿತು.

ಪರೀಕ್ಷೆ ಕೂಡ ಸರ್ಕಾರದ್ದೇ, ಹಗಲು ಶಾಲೆಯವರು ಬರೆಯುವ ಪತ್ರಿಕೆಯೇ. ನಮ್ಮ ಎಸ್ಸೆಸ್ಸೆಲ್ಸಿಗೆ ಇಲ್ಲಿ ಎಸ್ಸೆಸ್ಸಿ ಅನ್ನುತ್ತಾರೆ. ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಪಾಠಪುಸ್ತಕಗಳನ್ನು ಪುಣೆಯ ಬಾಲಭಾರತಿಯವರೇ ಕನ್ನಡದಲ್ಲಿ ಅಚ್ಚು ಹಾಕುತ್ತಾರೆ. ಮರಾಠಿ ನಾಡಿನ ಸರ್ಕಾರ ನಮ್ಮ ಲಿಪಿಯಲ್ಲಿ ವಿಜ್ಞಾನದ ಪುಸ್ತಕ ಕೊಡುತ್ತದೆ ಅಂದರೆ ಊರಿನಲ್ಲಿ ಯಾರೂ ನಂಬಲಿಕ್ಕಿಲ್ಲ, ಚೌತಿಗೆ ಬಂದಾಗ ಒಂದು ತರುತ್ತೇನೆ. ಮರಾಠಿಯನ್ನೂ ಕಲಿಯಲೇಬೇಕು, ಇವನು ಗ್ರಾಹಕರ ಹತ್ತಿರ ಮಾತಾಡಿ ಮಾತಾಡಿ ಅದರಲ್ಲಿ ಎಲ್ಲರಿಗಿಂತ ಮುಂದಿದ್ದಾನೆ.

ನಿನ್ನ ಭಯವೆಲ್ಲ ಲೆಕ್ಕದ್ದೇ ಅಂತ ಗೊತ್ತು. ಇಲ್ಲಿ ಬೀಜಗಣಿತಕ್ಕೆ 40, ರೇಖಾಗಣಿತಕ್ಕೆ 40, ಉಳಿದ 20 ಅಂಕ ಶಾಲೆಯವರದ್ದು. ಒಟ್ಟಾಗಿ 35 ಬಂದರೆ ಪಾಸು. ಆರು ವಿಷಯಗಳಲ್ಲಿ ಒಳ್ಳೆಯ ಐದನ್ನೇ ಹಿಡಿದು ಶೇಕಡಾ ಲೆಕ್ಕ ಹಾಕುತ್ತಾರೆ. ಅಕಸ್ಮಾತ್ ಒಂದು ಹೋದರೂ ಅದೇ ವರ್ಷ ಮತ್ತೆ ಬರೆಯಬಹುದು. ಹೋಗುವುದಿಲ್ಲ, ಸುಮ್ಮನೆ ಹೇಳಿದೆ. ಭಾನುವಾರ ಲೆಕ್ಕದ ಮಾಸ್ತರರು ಸಂಬಳವಿಲ್ಲದೆ ಬಂದು ಕಲಿಸುತ್ತಾರೆ.

ಊಟದ್ದೂ ಯೋಚನೆ ಬೇಡ. ಕೆಲಸ ಮುಗಿಸಿ ಹಸಿದು ಬರುವವರಿಗೆ ಪಾಠಕ್ಕೆ ಮೊದಲೇ ಬಾಳೆಹಣ್ಣು, ಉಸಳಿ ಕೊಡುತ್ತಾರೆ. ಈ ಊರಿನ ರಾತ್ರಿ ಶಾಲೆಗಳಿಗಾಗಿಯೇ 2008ರಿಂದ ದುಡಿಯುತ್ತಿರುವ ಮಾಸೂಮ್ ಎಂಬ ಸಂಸ್ಥೆಯೇ ಇದೆ. ತಿಂಡಿ, ಪುಸ್ತಕ, ಗಾಡಿಯಲ್ಲಿ ಹೊತ್ತು ತರುವ ವಿಜ್ಞಾನದ ಪ್ರಯೋಗಶಾಲೆ ಎಲ್ಲ ಅವರು ಶುರು ಮಾಡಿದ್ದು. ಗಾಡಿಯಲ್ಲಿ ಪ್ರಯೋಗಶಾಲೆ! ನಾನು ಬೈಂದೂರಿನಲ್ಲಿ ಓದುವಾಗ ಲಿಟ್ಮಸ್ ಕಾಗದವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದು.

ಮೊದಲಿನ ಹೋಟೆಲಿನ ಧಣಿ ಆರು ಗಂಟೆಗೆ ಬಿಡುತ್ತಿರಲಿಲ್ಲ ಎಂಬುದು ನಿಜ. ಒಂದು ತಿಂಗಳ ಪಾಠ ತಪ್ಪಿತು. ನಮ್ಮ ಮನೆಯವರು ಹೋಗಿ ಮಾತಾಡಿ ಬೇರೆ ಕಡೆ ಸೇರಿಸಿದರು. ಈಗಿನ ಧಣಿ ಸ್ವತಃ ರಾತ್ರಿ ಶಾಲೆಯವರು, ಐದೂಮುಕ್ಕಾಲಿಗೆ ತಾವೇ "ಹೋಗು ಮಾರಾಯ" ಅನ್ನುತ್ತಾರಂತೆ. ಹತ್ತು ಗಂಟೆಗೆ ಅವನು ಕೋಣೆ ಸೇರುತ್ತಾನೆ, ಸೇರಿದ ಕೂಡಲೇ ನನಗೆ ಫೋನ್ ಮಾಡುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ.

ದಯವಿಟ್ಟು ಅವನನ್ನು ವಾಪಸ್ ಕರೆಸಿ ದೋಣಿಗೆ ಹಾಕುವ ಮಾತು ಆಡಬೇಡ. ಮಾರ್ಚ್‌ವರೆಗೆ ತಡೆದುಕೋ.

ಒಂದು ಕೆಲಸ ನಿನ್ನಿಂದಲೇ ಆಗಬೇಕು. ಬೇರೆ ರಾಜ್ಯದ ಟಿಸಿ ಆದ್ದರಿಂದ ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಆಫೀಸಿನ ಸಹಿ, ಸೀಲು ಬೇಕಂತೆ. ಟಿಸಿ ಇದರೊಳಗೇ ಇಟ್ಟಿದ್ದೇನೆ, ಮಡಚಬೇಡ. ಅಪ್ಪಯ್ಯನನ್ನು ಕಳಿಸಬೇಡ, ಆಫೀಸಿನಲ್ಲಿ ಮೆಟ್ಟಿಲು ಜಾಸ್ತಿ, ಸುರೇಶನನ್ನು ಕಳಿಸು. ಪರೀಕ್ಷೆಯ ಫಾರಂ ತುಂಬುವ ಮೊದಲು ಶಾಲೆಗೆ ತಲುಪಬೇಕು, ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿಸು. ಚೌತಿಗೆ ನಾನು ಬರುತ್ತೇನೆ, ಅವನಿಗೆ ಆಗ ಶಾಲೆಯದ್ದೇ ಪರೀಕ್ಷೆ, ಪಂಚಕಜ್ಜಾಯ ನಾನೇ ತಂದು ಕೊಡುತ್ತೇನೆ.

ಇವರು ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ, 8.12ರ ಲೋಕಲ್ ತಪ್ಪಿದರೆ ಕಾಗದ ಇವತ್ತು ಹೋಗುವುದಿಲ್ಲ. ಟಿಸಿ ಮರೆಯಬೇಡ.

ನಿನ್ನ
ಗಿರಿಜಾ